ಹಿತ್ತಲ ಬಾಗಿಲಿನ ಪ್ರಶ್ನೆ

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಮಡಗಾಂವ್ ರೈಲಿನಿಂದ ಇಳಿದು ಮನೆ ಸೇರಿರುತ್ತೀರಿ. ಕೆಲವರು ಗೋಡಂಬಿ ಫ್ಯಾಕ್ಟರಿಯಿಂದ ಬಂದು, ಕೈಗೆ ಹತ್ತಿದ ಗೇರುಸೊನೆ ತಿಕ್ಕುತ್ತಾ ರೇಡಿಯೊ ಕೇಳುತ್ತಿರಬಹುದು. ನಿಮಗೆ ನಾನು ಹೇಳುವುದು ಒಂದೇ ಮಾತು. ಜನಗಣತಿಗೋ ಸರ್ವೆಗೋ ಯಾರೇ ಮನೆಗೆ ಬರೆದುಕೊಳ್ಳಲು ಬರಲಿ, ಹೆಂಗಸರೇ, ನಿಮ್ಮ ಕೆಲಸ ಬರೆಸಿ.

ಯಾಕೆ ಅಂದ್ರೆ, 2020-21ರಲ್ಲಿ ಕೇಂದ್ರ ಸರ್ಕಾರ ಒಂದು ಸಮೀಕ್ಷೆ ಮಾಡಿತು. ದೇಶದ ನೂರು ಹೆಂಗಸರಲ್ಲಿ ಸುಮಾರು 48 ಜನ ಊರು ಬಿಟ್ಟು ಬಂದವರು. ಗಂಡಸರಲ್ಲಿ ಬರೀ 11. ಹಾಗೆ ಬಂದ ನೂರು ಹೆಂಗಸರಲ್ಲಿ 87 ಜನರ ಕಾರಣ ಮದುವೆ. ಸರಿ, ಮದುವೆಯಾಗಿ ಬಂದರು. ಬಂದ ಮೇಲೆ ಕೈಕಟ್ಟಿ ಕೂತರಾ?

ಕೂರಲಿಲ್ಲ ಅನ್ನುವುದು ನನಗೆ ತಿಳಿದದ್ದು ಕುಮಟೆ ಕಡೆಯ ಮೀನುಗಾರಿಕೆ ಬಂದರು ತದಡಿಯಲ್ಲಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಸರ್ವೆ ಫಾರಂ ಹಿಡಿದು ಬಂದರದ ಹಿಂದಿನ ಒಂದು ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅತ್ತೆ ಕೂತಿದ್ದರು. ಸೊಸೆ ಯಾವ ಊರಿನವಳು? ಭಟ್ಕಳದ ಕಡೆ. ಬಂದದ್ದು ಯಾಕೆ? ‘ಮತ್ತೆಂತಕ್ಕೆ, ಮದುವೆಯಾಗಿ.’ ಕೆಲಸ? ‘ಎಂತದೂ ಇಲ್ಲ, ಮನೇಲೇ ಇರ್ತದೆ.’ ಹಾಗೇ ಬರೆದುಕೊಂಡೆ. ಚಾ ಕುಡಿದು ಬಂದೆ.

ಮರುದಿನ ನಸುಕಿಗೆ ಬಂದರಕ್ಕೆ ಹೋದರೆ ಆ ಸೊಸೆ ಅಲ್ಲಿದ್ದಾಳೆ! ಬೋಟು ಬಂದಿದೆ, ಹರಾಜು ಶುರುವಾಗಿದೆ. ಬಂಗಡೆಯ ಬುಟ್ಟಿಗೆ ಗಂಡಸರ ಸರಿಸಮ ನಿಂತು ಬೆಲೆ ಕೂಗುತ್ತಿದ್ದಾಳೆ. ಕೊಂಡದ್ದಕ್ಕೆ ಐಸ್ ಹಾಕಿ, ಟೆಂಪೊ ಹತ್ತಿಸಿ, ಕುಮಟೆ ಪೇಟೆಗೆ ಹೊರಟಳು. ಮಧ್ಯಾಹ್ನ ವಾಪಸು ಬಂದು ಉಳಿದ ಮೀನಿಗೆ ಉಪ್ಪು ಹಚ್ಚಿ ಒಣಹಾಕಿದಳು. ಗಂಡನ ಬೋಟಿನ ಡೀಸೆಲ್ ಸಾಲ ತೀರುತ್ತಿದ್ದದ್ದೂ ಅದೇ ದುಡ್ಡಿನಲ್ಲಿ. ‘ನಿನ್ನೆ ಯಾಕಮ್ಮಾ ಹೇಳಲಿಲ್ಲ?’ ಅಂದೆ. ‘ನೀವು ನನ್ನ ಹತ್ರ ಕೇಳ್ಳೇ ಇಲ್ಲ ಅಲ್ರಾ,’ ಅಂದಳು.

ಬರೆದದ್ದನ್ನು ಹೊಡೆದು ಹಾಕಿದೆ. ಆ ಕೇರಿಯ ಎಲ್ಲ ಮನೆಗೂ ಮತ್ತೊಮ್ಮೆ ಹೋದೆ, ಈ ಸಲ ಹಿತ್ತಲ ಬಾಗಿಲಿಂದ. ಮನೇಲೇ ಇರುವವರು ಅಂತ ನಾನು ಬರೆದವರಲ್ಲಿ ಒಬ್ಬಳು ಶೆಟ್ಲಿ, ಅಂದ್ರೆ ಸಿಗಡಿ, ಸುಲಿಯುತ್ತಿದ್ದಳು, ಒಬ್ಬಳು ಬಲೆ ಹೊಲಿಯುತ್ತಿದ್ದಳು, ಇನ್ನೊಬ್ಬಳು ಒಣಮೀನು ಹೊತ್ತು ಸಿರಸಿ ಸಂತೆಗೆ ಘಟ್ಟ ಹತ್ತುತ್ತಿದ್ದಳು.

ಬರೆಸಿದರೆ ಏನು ಬರ್ತದೆ ಅಂತೀರಾ? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಪಿಎಫ್, ಅಂದ್ರೆ ಭವಿಷ್ಯ ನಿಧಿಯ ದುಡ್ಡು ಪೂರ್ತಿ ತೆಗೆಯದ ಹಾಗೆ ಹೊಸ ನಿಯಮ ಬಂದಿತ್ತು. ಎರಡೇ ದಿನ. ಕೇಂದ್ರ ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. ಅವರಲ್ಲಿ ಎಷ್ಟೋ ಜನ ಹಳ್ಳಿ ಬಿಟ್ಟು ಬಂದವರು. ಆದರೆ ಅವರ ಹೆಸರು ಪಿಎಫ್ ಪುಸ್ತಕದಲ್ಲಿತ್ತು. ‘ಇದು ನನ್ನ ದುಡಿಮೆಯ ದುಡ್ಡು’ ಅನ್ನಲು ಕಾಗದ ಇತ್ತು. ಶೆಟ್ಲಿ ಸುಲಿಯುವವಳಿಗೆ ಅಂಥ ಕಾಗದ ಯಾವುದಿದೆ?

ನಮ್ಮ ಕಡೆಯೇ ನೋಡಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಅರಗಾ ಕಡೆಯ ಊರುಗಳು ಎದ್ದು ಹೋದವು. ಗದ್ದೆಗೆ ಪಹಣಿ ಇತ್ತು, ಮನೆಗೆ ದಾಖಲೆ ಇತ್ತು. ಹೆಂಗಸರು ಮೀನು ಒಣಗಿಸುತ್ತಿದ್ದ ಮರಳಿಗೆ ಯಾರ ಪಹಣಿ? ಇದರ ಬಗ್ಗೆ ಹೇಳುವುದು ಬಹಳ ಇದೆ. ಸಮಯ ಇಲ್ಲ.

2027ರ ಜನಗಣತಿಗೆ ನಿಮ್ಮ ಮನೆಗೂ ಬರುತ್ತಾರೆ. ಮಳೆಗಾಲದಲ್ಲಿ ಬೋಟು ನಿಲ್ತದೆ, ವರ್ಷವಿಡೀ ಕೆಲಸ ಇಲ್ಲ, ಹಾಗಾಗಿ ಇದು ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಹಿಂದಿನ ಜನಗಣತಿಯಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನೂ ದುಡಿಯುವವರೆಂದೇ ಬರೆದುಕೊಂಡಿದ್ದಾರೆ. ಜಗಲಿಯಲ್ಲಿ ಯಾರಾದರೂ ‘ಅದು ಸುಮ್ನೆ ಮನೇಲಿರ್ತದೆ’ ಅಂದದ್ದು ಕಿವಿಗೆ ಬಿದ್ದರೆ, ಒಲೆ ಸಣ್ಣ ಮಾಡಿ ಹೊರಗೆ ಬನ್ನಿ. ಕೈಯಲ್ಲಿ ಮೀನಿನ ಹುರುಪೆ ಇದ್ದರೂ ಪರವಾಗಿಲ್ಲ, ಹಾಗೇ ಬನ್ನಿ. ಎಷ್ಟು ಹೊತ್ತಿಗೆ ಏಳುತ್ತೀರಿ, ಎಲ್ಲಿಗೆ ಹೋಗುತ್ತೀರಿ, ಏನು ಮಾಡುತ್ತೀರಿ, ಹೇಳಿ. ಅವರು ಬರೆದದ್ದನ್ನು ಒಮ್ಮೆ ಓದಿಸಿ ಕೇಳಿ.

ನಮಸ್ಕಾರ.