ಹಾರ್ನ್ ನುಂಗಿದ ಅಕ್ಷರ ನಮಗೆ ಕೇಳಿಸಿದ್ದು ಹೇಗೆ?

[ದೃಶ್ಯ: ಸಂಜೆಯ ಮೆಜೆಸ್ಟಿಕ್. ಬಸ್ಸುಗಳ ಸಾಲು.]

ನಮಸ್ಕಾರ. ಕಂಡಕ್ಟರ್ 'ಬನಶಂಕರಿ, ಬನಶಂಕರಿ' ಅಂತ ಕೂಗುತ್ತಿದ್ದಾರೆ. ಸರಿಯಾಗಿ 'ಶ' ಬರುವಾಗಲೇ ಪಕ್ಕದ ಬಸ್ಸು ಜೋರಾಗಿ ಹಾರ್ನ್ ಹೊಡೆಯಿತು. ಆದರೂ ಇಡೀ ಹೆಸರು ಕೇಳಿಸಿತು, ಅಲ್ವಾ? ಆ ಅಕ್ಷರವನ್ನು ತುಂಬಿಕೊಟ್ಟಿದ್ದು ನಿಮ್ಮ ಮಿದುಳು.

1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರೆನ್ ಇದನ್ನೇ ಪರೀಕ್ಷೆ ಮಾಡಿದರು. ರೆಕಾರ್ಡ್ ಮಾಡಿದ ವಾಕ್ಯದಿಂದ ಒಂದು ಧ್ವನಿಯನ್ನು ಕತ್ತರಿಸಿ, ಆ ಜಾಗಕ್ಕೆ ಕೆಮ್ಮಿನ ಸದ್ದು ಅಂಟಿಸಿದರು. ಕೇಳಿದವರಿಗೆ ಮಾತು ಪೂರ್ತಿ ಇದ್ದಂತೆಯೇ ಅನ್ನಿಸಿತು. ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ಹೇಳಲೂ ಆಗಲಿಲ್ಲ!

[ದೃಶ್ಯ: ಒಳಕಿವಿಯ ಚಿತ್ರ.]

ಕಿವಿಯ ಕೆಲಸ ಇಷ್ಟು. ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯಾ ಸದ್ದನ್ನು ಬಿಡಿಸುತ್ತದೆ. ಕೀರಲು ಸದ್ದಿಗೆ ಅದರ ಬುಡ ಅಲುಗುತ್ತದೆ, ದಪ್ಪ ಸದ್ದಿಗೆ ತುದಿ. ಅಲ್ಲಿಂದ ಸುದ್ದಿ ನರದ ಮೂಲಕ ಮಿದುಳಿನ ಪಕ್ಕದ ಭಾಗ, ಟೆಂಪೊರಲ್ ಲೋಬ್‌ಗೆ ಹೋಗುತ್ತದೆ. ಇದು 'ಪ', ಇದು 'ಬ' ಅಂತ ತೀರ್ಮಾನ ಆಗುವುದು ಅಲ್ಲಿ.

ಈಗ ಗಂಟಲ ಮೇಲೆ ಬೆರಳಿಟ್ಟುಕೊಳ್ಳಿ. ಚಿಕ್ಕಪೇಟೆ ಅಂಗಡಿಯಲ್ಲಿ ಕೇಳುವ ಹಾಗೆ ನಿಧಾನವಾಗಿ ಹೇಳಿ: 'ಪಟ್ಟೆ ಬಟ್ಟೆ'. ಎರಡಕ್ಕೂ ತುಟಿ ಮುಚ್ಚಿ ತೆರೆಯುತ್ತದೆ. ಆದರೆ 'ಬ'ಗೆ ತುಟಿ ತೆರೆಯುವ ಮೊದಲೇ ಗಂಟಲು ಗುಂಯ್ ಅನ್ನುತ್ತದೆ. ಅಷ್ಟು ಸಣ್ಣ ಹೊತ್ತಿನ ವ್ಯತ್ಯಾಸವನ್ನು ಮಿದುಳು ಹಿಡಿಯುತ್ತದೆ. ನನಗಂತೂ ಇದು ಪ್ರತಿ ಸಲವೂ ಬೆರಗು.

ಈ ತೀರ್ಮಾನಗಳು ಶುರುವಾಗುವುದು ತೊಟ್ಟಿಲಲ್ಲೇ. ಸಂಶೋಧಕರಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ', 'ಟ' ಕೇಳಿಸಿದರು. ಆರೇಳು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ತನ್ನ ಮನೆಮಾತಿಗೆ ಬೇಡದ ವ್ಯತ್ಯಾಸವನ್ನು ಮಿದುಳು ಅಷ್ಟು ಬೇಗ ಪಕ್ಕಕ್ಕಿಡುತ್ತದೆ.

ಅದಕ್ಕೇ, ಬೇರೆ ಊರಿಂದ ಬಂದವರು 'ಕೆಳಗೆ' ಅನ್ನಲು 'ಕೆಲಗೆ' ಅಂದರೆ ದಯವಿಟ್ಟು ನಗಬೇಡಿ. ಅವರಿಗೆ ನಮ್ಮ 'ಳ' ಬೇರೆ ಅಂತ ಕೇಳಿಸುತ್ತಲೇ ಇರದಿರಬಹುದು. ಕಿವಿ ಕಲಿಯುತ್ತದೆ, ಬೇರೆ ಬೇರೆ ಜನರ ದನಿಯಲ್ಲಿ ಮತ್ತೆ ಮತ್ತೆ ಕೇಳಬೇಕು ಅಷ್ಟೇ. ಜಪಾನಿನವರಿಗೆ ಇಂಗ್ಲಿಷಿನ 'ರ', 'ಲ' ಕಲಿಸಿದ್ದು ಹೀಗೆಯೇ.

[ದೃಶ್ಯ: ಮಲ್ಲೇಶ್ವರದ ಒಂದು ದರ್ಶಿನಿ.]

ನನ್ನ ಜೊತೆ ಕೆಲಸ ಮಾಡುವ ಲಕ್ನೋದ ಗೆಳತಿ ತಿಂಗಳುಗಟ್ಟಲೆ 'ಬಿಸಿಬೇಲೆಬಾತ್' ಅನ್ನುತ್ತಿದ್ದಳು. ಮೊನ್ನೆ ಕ್ಯಾಷ್ ಕೌಂಟರ್ ಮುಂದೆ ನಿಂತು, ನಾಲಿಗೆ ಹಿಂದಕ್ಕೆ ಮಡಚಿ, ನಿಧಾನವಾಗಿ 'ಬೇ...ಳೆ' ಅಂದಳು. ಟೋಕನ್ ಕೈಗೆ ಬಂತು. ಆಮೇಲೆ ನನ್ನ ಕಡೆ ತಿರುಗಿ, 'ಈಗ ನನಗೂ ಕೇಳಿಸ್ತು' ಅಂದಳು.