ಮಗುವಿನ ಕಿವಿ ಪರೀಕ್ಷೆ ಆಯಿತೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿರುವ ಅಜ್ಜಿಯರೇ, ನಾನು ಮಾತನಾಡಲು ಬಂದಿರುವುದು ಮುಖ್ಯವಾಗಿ ನಿಮ್ಮೊಡನೆ. ಮನೆಗೆ ಕೂಸು ಬಂದರೆ ಏನು ಮಾಡಬೇಕು, ಏನು ಬೇಡ ಎಂದು ತೀರ್ಮಾನಿಸುವವರು ನೀವು. ನಾನು ಶ್ರವಣ ತಜ್ಞೆ. ಮಕ್ಕಳ ಕಿವಿ ಪರೀಕ್ಷೆ ಮಾಡುವುದು 26 ವರ್ಷಗಳಿಂದ ನನ್ನ ಕೆಲಸ. ಹೇಳುವುದಕ್ಕೆ ನನ್ನ ಬಳಿ ಇರುವುದು ಒಂದೇ ಮಾತು: ಮಗುವಿಗೆ ಒಂದು ತಿಂಗಳು ತುಂಬುವುದರೊಳಗೆ ಅದರ ಕಿವಿ ಪರೀಕ್ಷೆ ಮಾಡಿಸಿ.

ಕೂಸು ಹೊಟ್ಟೆಯಲ್ಲಿರುವಾಗಲೇ, ಆರನೆಯ ತಿಂಗಳ ಹೊತ್ತಿಗೆ, ಅದಕ್ಕೆ ಸದ್ದು ಕೇಳತೊಡಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಗುರುತಿಸುತ್ತದೆ. ಬಾಯಿಂದ ಮಾತು ಬರಲು ಒಂದು ವರ್ಷ ಹಿಡಿಯಬಹುದು, ಆದರೆ ಆ ಮಾತು ಕಿವಿಯ ದಾರಿಯಿಂದ ಒಳಗಿಳಿಯುವುದು ಮೊದಲ ದಿನದಿಂದಲೇ. ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ 1ರಿಂದ 5 ಮಕ್ಕಳಿಗೆ ಈ ದಾರಿ ಹುಟ್ಟುವಾಗಲೇ ಮುಚ್ಚಿರುತ್ತದೆ, ಇಲ್ಲವೇ ಅರ್ಧ ಮಾತ್ರ ತೆರೆದಿರುತ್ತದೆ. ಅಂಥ ಮಕ್ಕಳಲ್ಲಿ ಬಹುಪಾಲಿನವರ ತಂದೆತಾಯಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ನಿಮಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಮಂಡ್ಯದ ಕಡೆಯ ಹಳ್ಳಿಯವರು. ಮೊಮ್ಮಗನಿಗೆ ಮೂರು ವರ್ಷ ಎರಡು ತಿಂಗಳು, ಇನ್ನೂ ಒಂದು ಮಾತು ಬಂದಿಲ್ಲ. ಅಂಗನವಾಡಿ ಕಾರ್ಯಕರ್ತೆ ಒತ್ತಾಯ ಮಾಡಿದ್ದಕ್ಕೆ ಸೊಸೆಯೊಡನೆ ಬಂದಿದ್ದರು. ಬರುವಾಗ ಬಟ್ಟೆಯ ಚೀಲದಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ತಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ನೋಡಿ ತಾಯಿ, ನನ್ನ ಮೊಮ್ಮಗನಿಗೆ ಕಿವಿ ಕೇಳುತ್ತದೆ, ಈಗಲೇ ತೋರಿಸುತ್ತೇನೆ” ಎಂದರು. ಹುಡುಗ ನಮ್ಮ ಮರದ ಬೆಂಚಿನ ಒಂದು ತುದಿಯಲ್ಲಿ ಕುಳಿತು ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದ. ಅಜ್ಜಿ ಅವನ ಹಿಂದೆ, ಬೆಂಚಿನ ಇನ್ನೊಂದು ತುದಿಯಲ್ಲಿ ತಟ್ಟೆ ಇಟ್ಟು ಸೌಟಿನಿಂದ ಬಡಿದರು. ಹುಡುಗ ತಟ್ಟನೆ ತಿರುಗಿದ. ಅಜ್ಜಿಯ ಮುಖ ಅರಳಿತು. ಸೊಸೆಯೂ ನನ್ನ ಕಡೆ ನೋಡಿದಳು, ಹಾಗಾದರೆ ನಾವು ಹೊರಡಬಹುದೇ ಎನ್ನುವಂತೆ.

ನಾನು ಹುಡುಗನನ್ನು ಬೆಂಚಿನಿಂದ ಎತ್ತಿ ತಾಯಿಯ ಮಡಿಲಲ್ಲಿ ಕೂರಿಸಿದೆ. ಕೈಗೆ ಒಂದು ಬಣ್ಣದ ಚೆಂಡು ಕೊಟ್ಟೆ. ಕಿಟಕಿಯ ಬೆಳಕಿನಲ್ಲಿ ಅಜ್ಜಿಯ ನೆರಳು ಅವನ ಮುಂದೆ ಬೀಳುತ್ತಿತ್ತು, ಅವರನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದೆ. “ಅಮ್ಮಾ, ಈಗ ತಟ್ಟೆಯನ್ನು ಎಲ್ಲೂ ತಾಗಿಸದೆ ಕೈಯಲ್ಲಿ ಎತ್ತಿ ಹಿಡಿದು ಬಡಿಯಿರಿ” ಎಂದೆ. ಬಡಿದರು. ಹುಡುಗ ಚೆಂಡು ತಿರುಗಿಸುತ್ತಲೇ ಇದ್ದ. ಇನ್ನೂ ಜೋರಾಗಿ ಬಡಿದರು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ಇಣುಕಿದರು, ಹುಡುಗ ತಲೆ ಎತ್ತಲಿಲ್ಲ. ತಟ್ಟೆಯ ಅಂಚು ನೆಗ್ಗುವವರೆಗೆ ಬಡಿದು ಅಜ್ಜಿ ಕೈ ಇಳಿಸಿದರು. ಅಷ್ಟರಲ್ಲಿ ತಾಯಿಗೆ ಅಳು ಬಂದಿತ್ತು, ಸದ್ದೇ ಇಲ್ಲದ ಅಳು. ಅವಳ ಎದೆ ಅದುರಿದ್ದು ಬೆನ್ನಿಗೆ ತಾಗಿತೇನೋ, ಆಗ ಹುಡುಗ ತಿರುಗಿದ. ಅಮ್ಮನ ಮುಖ ನೋಡಿ ಕೆನ್ನೆ ಮುಟ್ಟಿದ.

ಮೊದಲ ಸಲ ಅವನು ತಿರುಗಿದ್ದು ಬೆಂಚು ಅದುರಿದ್ದಕ್ಕೆ. ಕಿವಿ ಕೇಳದ ಮಗು ಬಹಳ ಚುರುಕಾಗಿರುತ್ತದೆ. ನೆಲದ ಅದುರು, ಗಾಳಿ, ನೆರಳು, ನಿಮ್ಮ ಕಣ್ಣು ಹೋದ ದಿಕ್ಕು, ಎಲ್ಲವನ್ನೂ ಓದುತ್ತದೆ. ಆದ್ದರಿಂದಲೇ ತಟ್ಟೆ, ಗಂಟೆ, ಚಪ್ಪಾಳೆಗಳ ಪರೀಕ್ಷೆಯನ್ನು ನಂಬಬೇಡಿ ಎನ್ನುವುದು.

ಆ ಅಜ್ಜಿ ದಿನವೂ ಬಜೆ ತೇದು ಮಗುವಿನ ನಾಲಿಗೆಗೆ ಹಚ್ಚಿದ್ದರು. ದೇವರಿಗೆ ಗಂಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರು. ಪ್ರೀತಿಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ. ಆದರೆ ತೊಂದರೆ ಇದ್ದದ್ದು ಕಿವಿಯಲ್ಲಿ, ಆರೈಕೆ ನಡೆದದ್ದು ನಾಲಿಗೆಗೆ. ‘ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ತಡವಾಗಿತ್ತು, ನಾಲ್ಕು ವರ್ಷದವರೆಗೆ ಕಾಯಿರಿ’ ಎಂದು ಓದಿದವರೊಬ್ಬರು ಹೇಳಿ ಕಳಿಸಿದ್ದರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಏಕೆ ಕಾಯಬೇಕು? ಕಿವಿಯಿಂದ ಏನೂ ಬಾರದಿದ್ದರೆ ಮಿದುಳಿನಲ್ಲಿ ಅದಕ್ಕಿರುವ ಜಾಗವನ್ನು ಬೇರೆ ಕೆಲಸಗಳು ಸೇರಿಕೊಳ್ಳುತ್ತವೆ, ಉಳದೆ ಬಿಟ್ಟ ಹೊಲವನ್ನು ಪಕ್ಕದವರು ಒತ್ತುವರಿ ಮಾಡಿದ ಹಾಗೆ. ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಆ ಹುಡುಗನಿಗೆ ಮೊದಲು ಶ್ರವಣ ಸಾಧನ ಹಾಕಿದೆವು. ಸಾಲಲಿಲ್ಲ. ಮುಂದೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸದ್ದನ್ನು ನೇರವಾಗಿ ಕಿವಿಯ ನರಕ್ಕೆ ಮುಟ್ಟಿಸುವ ಸಾಧನವನ್ನು ಒಳಗಿವಿಯಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆ ಆಯಿತು. ತಾಯಿ ಮನೆಯಲ್ಲಿ ದಿನವಿಡೀ ಅವನೊಡನೆ ಮಾತನಾಡಿದಳು: ಅಕ್ಕಿ ತೊಳೆಯುತ್ತಿದ್ದೇನೆ, ನೀರು ಬಸಿಯುತ್ತಿದ್ದೇನೆ, ಒಲೆ ಹಚ್ಚುತ್ತಿದ್ದೇನೆ. ಎಂಟು ತಿಂಗಳಿಗೆ ‘ನೀರು’ ಎಂದ. ಈಗ ಏಳನೆಯ ತರಗತಿ, ಲೆಕ್ಕದಲ್ಲಿ ಗಟ್ಟಿಗ. ಆದರೆ ಇವತ್ತಿಗೂ ‘ಶಾಲೆಗೆ ಹೋದೆ’ ಎನ್ನುವ ಕಡೆ ‘ಶಾಲೆ ಹೋದೆ’ ಎನ್ನುತ್ತಾನೆ. ‘ಗೆ’, ‘ಇಂದ’, ‘ಅಲ್ಲಿ’ಗಳನ್ನು ನಾವು ಯಾರೂ ಮಕ್ಕಳಿಗೆ ಕೂರಿಸಿಕೊಂಡು ಕಲಿಸುವುದಿಲ್ಲ. ತೊಟ್ಟಿಲಲ್ಲಿ ಮಲಗಿ ಕೇಳಿಸಿಕೊಂಡೇ ಅವು ಬರಬೇಕು. ಅವನ ತೊಟ್ಟಿಲಿನ ದಿನಗಳು ಸದ್ದಿಲ್ಲದೆ ಹೋಗಿದ್ದವು.

ಆ ಅಜ್ಜಿಯ ನೆನಪು ಬಂದರೆ ನನಗೆ ಮಾತು ನಿಲ್ಲಿಸಲಾಗುವುದಿಲ್ಲ. ಸಮಯ ಸ್ವಲ್ಪವೇ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಮಗು ಮಲಗಿರುವಾಗ ಕಿವಿಗೆ ಹತ್ತಿಯಂತೆ ಮೆತ್ತಗಿನ ಪುಟ್ಟ ಬಿರಡೆ ಇಟ್ಟು ಸಣ್ಣ ಸದ್ದು ಬಿಡುತ್ತೇವೆ. ಒಳಗಿವಿ ಚೆನ್ನಾಗಿದ್ದರೆ ಅಲ್ಲಿಂದ ಒಂದು ಪ್ರತಿಧ್ವನಿ ಮರಳಿ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೆಲವು ನಿಮಿಷಗಳ ಕೆಲಸ. ಇದಕ್ಕೆ ಓಎಇ ಎನ್ನುತ್ತಾರೆ. ಉತ್ತರ ಬಾರದಿದ್ದರೆ ಗಾಬರಿ ಬೇಡ, ಮತ್ತೊಮ್ಮೆ ಮಾಡುತ್ತಾರೆ. ಆಗಲೂ ಬಾರದಿದ್ದರೆ, ಸದ್ದು ಕಿವಿಯಿಂದ ಮಿದುಳಿನವರೆಗೆ ತಲುಪುತ್ತದೆಯೇ ಎಂದು ನೋಡುವ ಬೇರಾ ಎಂಬ ಇನ್ನೊಂದು ಪರೀಕ್ಷೆ ಇದೆ. ಲೆಕ್ಕ ಸುಲಭ: 1, 3, 6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಏನೆಂಬ ತೀರ್ಮಾನ, ಆರು ತಿಂಗಳೊಳಗೆ ಆರೈಕೆ ಶುರು.

ಕೆಲವು ಮಕ್ಕಳಿಗೆ ಅರ್ಧ ಮಾತ್ರ ಕೇಳುತ್ತದೆ. ತಮಟೆಗೆ ತಿರುಗುತ್ತಾರೆ, ಕರೆದರೆ ಬರುತ್ತಾರೆ, ಆದರೆ ‘ಸ’, ‘ಶ’ದಂಥ ತೆಳು ಸದ್ದು ಕೇಳುವುದಿಲ್ಲ. ಅಂಥ ಮಗುವಿಗೆ ‘ಸಕ್ಕರೆ’ ‘ಅಕ್ಕರೆ’ಯಾಗಿ ಕೇಳುತ್ತದೆ. ಶಾಲೆಗೆ ಹೋದ ಮೇಲೆ ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ.

ಹುಟ್ಟಿದ ಕೂಡಲೇ ಐಸಿಯುನಲ್ಲಿ ಇದ್ದ ಮಗು, ತೂಕ ಒಂದೂವರೆ ಕಿಲೋಗಿಂತ ಕಡಿಮೆ ಇದ್ದದ್ದು, ಕಾಮಾಲೆ ತೀರಾ ಏರಿದ್ದು, ಮಿದುಳು ಜ್ವರ ಬಂದದ್ದು, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರ ಮಗು, ಇವರಿಗಂತೂ ಒಂದು ದಿನವೂ ತಡಮಾಡಬೇಡಿ. ಕಿವಿಗೆ ಬಿಸಿ ಎಣ್ಣೆ ಹಾಕಬೇಡಿ. ಕಿವಿ ಸೋರಿದರೆ ವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕು? ಮಕ್ಕಳ ಆರೋಗ್ಯ ತಪಾಸಣೆಗೆಂದು ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ, ಅದರಲ್ಲಿ ಕಿವಿಯೂ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ಇದೇ ಕೆಲಸ ಮಾಡುತ್ತಿದೆ. ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಮನೆಯ ಬಾಗಿಲಲ್ಲೇ ಇದೆ. ಚಿಕ್ಕ ಮಕ್ಕಳ ಇಂಪ್ಲಾಂಟ್‌ಗೆ ಸರ್ಕಾರದ ನೆರವಿದೆ, ಹಣದ ಚಿಂತೆಯಿಂದ ಪರೀಕ್ಷೆಯನ್ನೇ ಬಿಡಬೇಡಿ. ಇನ್ನು ಸನ್ನೆ ಭಾಷೆ, ಅದೂ ಪೂರ್ಣ ಭಾಷೆಯೇ, ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಯಾವ ದಾರಿಯಾದರೂ ಸರಿ, ಅದು ಶುರುವಾಗಬೇಕಾದದ್ದು ಮೊದಲ ವರ್ಷದಲ್ಲಿ.

ಅಜ್ಜಿಯರೇ, ಮಗಳೋ ಸೊಸೆಯೋ ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ, ಮಗುವಿಗೆ ಟೋಪಿ ಕಟ್ಟುವ ಮೊದಲು ನರ್ಸ್ ಅವರನ್ನು ನಿಲ್ಲಿಸಿ ಕೇಳಿ: “ಮಗುವಿನ ಕಿವಿ ಪರೀಕ್ಷೆ ಆಯಿತೇ?” ಆಗಿಲ್ಲ ಎಂದರೆ ಎಲ್ಲಿ, ಯಾವ ದಿನ ಎಂದು ಕೇಳಿ, ಆ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ. ನಮಸ್ಕಾರ.