ಕತ್ತರಿಸಿದ ಮೂಲೆಯ ಹಳೆಯ ಪುಸ್ತಕ

[ದೃಶ್ಯ: ಮಂಜೇಶ್ವರದ ಮನೆಯೊಂದರ ಒಳಕೋಣೆ. ಹೊರಗೆ ಆಟಿಯ ಮಳೆ. ಮೇಜಿನ ಮೇಲೆ ಪುಸ್ತಕ.]

ನಮಸ್ಕಾರ. ಮಳೆಗಾಲ ಕಳೆಯುವವರೆಗೆ ಈ ಮನೆಯಲ್ಲಿ ನಾವು ಜೋಪಾನವಾಗಿ ಕಾಯುವುದು ಭರಣಿಯ ಉಪ್ಪುಸೊಳೆಯನ್ನು, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು. ನಾನು ಅದರ ಜೊತೆಗೆ ಈ ಪುಸ್ತಕವನ್ನೂ ಕಾಯುತ್ತೇನೆ. ಇದು ಇಂಗ್ಲಿಷ್ ಅಡುಗೆ ಲೇಖಕಿ ಜೇನ್ ಗ್ರಿಗ್ಸನ್ ಅವರ ‘ಶಾರ್ಕ್ಯೂಟರಿ ಆ್ಯಂಡ್ ಫ್ರೆಂಚ್ ಪೋರ್ಕ್ ಕುಕರಿ’. ಶಾರ್ಕ್ಯೂಟರಿ ಎಂದರೆ ಹಂದಿಮಾಂಸವನ್ನು ಉಪ್ಪು ಹಾಕಿ ಕೆಡದಂತೆ ಹದಮಾಡುವ ಫ್ರೆಂಚರ ವಿದ್ಯೆ. 1967ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಅವರ ಮೊದಲ ಅಡುಗೆ ಪುಸ್ತಕ. ಫ್ರಾನ್ಸಿನ ತ್ರೋ ಎಂಬ ಹಳ್ಳಿಯಲ್ಲಿ ವರ್ಷದ ಕೆಲವು ತಿಂಗಳು ನೆಲೆಸುತ್ತಿದ್ದ ಅವರು, ಸ್ನೇಹಿತರೊಬ್ಬರು ಬರೆಯಬೇಕಿದ್ದ ಪುಸ್ತಕಕ್ಕೆ ಮಾಹಿತಿ ಹುಡುಕಿಕೊಡಲು ಹೊರಟು, ಕೊನೆಗೆ ಅದನ್ನು ತಾವೇ ಬರೆದರು. ಹಂದಿಯ ಕಿವಿಯಿಂದ ಪಾದದವರೆಗೆ ಯಾವ ಭಾಗವನ್ನೂ ಅವರು ಬಿಟ್ಟಿಲ್ಲ.

ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟವರಿಗೆ ಮಾಂಸ ಹದಮಾಡುವ ಅರ್ಧ ವಿದ್ಯೆ ಆಗಲೇ ಗೊತ್ತು: ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ನೀರು ಸಿಗದ ಸೂಕ್ಷ್ಮಾಣುಗಳು ಬೆಳೆಯಲಾರವು. ಉಳಿದರ್ಧ ಪೆಟ್ಲುಪ್ಪಿನದು, ಅಂದರೆ ಪೊಟ್ಯಾಸಿಯಂ ನೈಟ್ರೇಟಿನದು. ಮಾಂಸದಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಿಂದಲೇ ಹ್ಯಾಮ್, ಅಂದರೆ ಹದಮಾಡಿದ ಹಂದಿಯ ತೊಡೆಮಾಂಸ, ಬೆಂದ ಮೇಲೂ ಗುಲಾಬಿಯಾಗಿ ಉಳಿಯುತ್ತದೆ. ಬಣ್ಣಕ್ಕಿಂತ ದೊಡ್ಡ ಉಪಕಾರವೆಂದರೆ, ಬೋಟುಲಿಸಂ ಎಂಬ ಮಾರಕ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ನೈಟ್ರೈಟ್ ತಡೆಯುತ್ತದೆ. ಆ ಕಾಯಿಲೆಯ ಹೆಸರೇ ಸಾಸೇಜಿಗಿರುವ ಲ್ಯಾಟಿನ್ ಪದದಿಂದ ಬಂದದ್ದು. ಆದರೆ ಪ್ರಮಾಣ ಮೀರಿದ ನೈಟ್ರೈಟ್ ವಿಷ. ಆದ್ದರಿಂದ ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಪೆಟ್ಲುಪ್ಪನ್ನು ಕಣ್ಣಳತೆಯಲ್ಲಿ ಹಾಕುವ ಸಾಹಸಕ್ಕೆ ದಯವಿಟ್ಟು ಯಾರೂ ಇಳಿಯಬೇಡಿ.

[ದೃಶ್ಯ: ಪುಸ್ತಕದ ಕಾಗದದ ಹೊರಹೊದಿಕೆಯ ಒಳಮಡಿಕೆ, ಹತ್ತಿರದಿಂದ.]

ಈ ಮೂಲೆಯನ್ನು ನೋಡಿ. ಬೆಲೆ ಅಚ್ಚಾಗಿದ್ದ ಜಾಗವನ್ನು ಯಾರೋ ಓರೆಯಾಗಿ ಕತ್ತರಿಸಿದ್ದಾರೆ. ಉಡುಗೊರೆ ಕೊಡುವವರು ಹಾಗೆ ಮಾಡುವುದು ವಾಡಿಕೆಯಾಗಿತ್ತು. ಬ್ರಿಟನ್ ತನ್ನ ಹಳೆಯ ಶಿಲ್ಲಿಂಗ್ ನಾಣ್ಯಪದ್ಧತಿಯನ್ನು ಕೈಬಿಟ್ಟದ್ದು 1971ರ ಫೆಬ್ರವರಿ 15ರಂದು. ಹಾಗಾಗಿ ಶಿಲ್ಲಿಂಗಿನಲ್ಲಷ್ಟೇ ನಮೂದಾದ ಬೆಲೆ ಉಳಿದಿದ್ದರೆ ಹೊದಿಕೆಯ ಕಾಲ ಸುಮಾರಾಗಿ ತಿಳಿಯುತ್ತಿತ್ತು, ಮೊದಲ ಮುದ್ರಣವೆಂದು ಮಾತ್ರ ಅದರಿಂದ ಸಾಬೀತಾಗುವುದಿಲ್ಲ. ಅದಕ್ಕೆ ಶೀರ್ಷಿಕೆಯ ಹಿಂಬದಿಯ ಪುಟವನ್ನೇ ಓದಬೇಕು: ಅಲ್ಲಿ 1967ರ ಕೆಳಗೆ ಮರುಮುದ್ರಣದ ಸಾಲು ಇರಬಾರದು. ಸಂಗ್ರಾಹಕರು ಹೊದಿಕೆಯಿಲ್ಲದ ಪ್ರತಿಗೆ ಬಹಳ ಕಡಿಮೆ ಬೆಲೆ ಕಟ್ಟುತ್ತಾರೆ, ಆದ್ದರಿಂದ ಹರಿದಿದೆಯೆಂದು ಹೊದಿಕೆಯನ್ನು ಎಸೆಯಬೇಡಿ, ಅಂಟುಪಟ್ಟಿಯನ್ನೂ ಹಚ್ಚಬೇಡಿ.

ನಮ್ಮ ಕರಾವಳಿಯ ತೇವಕ್ಕೆ ಕಾಗದದ ಮೇಲೆ ಕಂದುಚುಕ್ಕೆಗಳು ಏಳುತ್ತವೆ. ರಟ್ಟಿನ ಅಂಟಿನ ಆಸೆಗೆ ಬೆಳ್ಳಿಮೀನು ಎಂಬ ಹುಳ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಮಳೆ ಬಿಟ್ಟ ಮೇಲೆ ನಾನು ಇದನ್ನು ಜಗಲಿಯ ನೆರಳಿನಲ್ಲಿ ನಿಲ್ಲಿಸಿ, ಹಾಳೆಗಳನ್ನು ಬಿಡಿಸಿ ಗಾಳಿಗೆ ಒಡ್ಡುತ್ತೇನೆ. ಬಿಸಿಲಿಗೆ ಇಡುವುದಿಲ್ಲ, ಹೊದಿಕೆಯ ಬಣ್ಣ ಹಾರಿಹೋಗುತ್ತದೆ.